ಹೊಲದಲ್ಲಿ ನಾಲ್ಕು ಸಲಾಕೆ, ಗಾಜಿನ ಮೇಲೆ ನಾಲ್ಕು ಪಿನ್

ಹೋದ ವಾರ ಎರಡು ದಿನ ಒಂದು ಸಂಖ್ಯೆ ನನ್ನ ನಿದ್ದೆ ಕೆಡಿಸಿತು. 10.7. ಅದು 10 ಬರಬೇಕಿತ್ತು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಮೇಜಿನ ಮೇಲಿದ್ದದ್ದು ಐಟಿಒ ಗಾಜು. ಗಾಜಿನ ಮೇಲೆ ಇಂಡಿಯಮ್ ಟಿನ್ ಆಕ್ಸೈಡ್ ಅನ್ನೋ, ಕರೆಂಟ್ ಹರಿಯುವ ಪಾರದರ್ಶಕ ಪದರ, ದಪ್ಪ ಬರೀ 150 ನ್ಯಾನೋಮೀಟರ್. ಯಾವ ಕಡೆ ಪದರ ಇದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆದರೆ ಮಲ್ಟಿಮೀಟರ್ ಅಷ್ಟಕ್ಕೇ ಸಾಕು, ಪದರದ ತಡೆ (ರೆಸಿಸ್ಟೆನ್ಸ್) ಅಳೆಯೋಕೆ ಅಲ್ಲ. ಸ್ವಲ್ಪ ಜಾಸ್ತಿ ಒತ್ತಿದರೆ 22 ಓಮ್, ಕೈ ಸಡಿಲ ಬಿಟ್ಟರೆ 40. ಮೊನೆ ಪದರವನ್ನು ಮುಟ್ಟುವ ಜಾಗದ ತಡೆ, ವೈರಿನ ತಡೆ, ಎಲ್ಲವೂ ಆ ಲೆಕ್ಕದಲ್ಲಿ ಸೇರಿಬಿಡುತ್ತವೆ. ಬೆಲ್ಲವನ್ನು ಪಾತ್ರೆ ಸಮೇತ ತೂಗಿದ ಹಾಗೆ. ಅದೂ ಪ್ರತಿ ಸಲ ಬೇರೆ ಬೇರೆ ಪಾತ್ರೆ!

ಅದಕ್ಕೇ ನಾಲ್ಕು ಪಿನ್ ಬೇಕು. ಒಂದೇ ಸಾಲು, 1 ಮಿಲಿಮೀಟರ್ ಅಂತರ, ಹಿಂದೆ ಸಣ್ಣ ಸ್ಪ್ರಿಂಗ್. ಹೊರಗಿನ ಎರಡರಲ್ಲಿ ಕರೆಂಟ್ ಕಳಿಸುತ್ತೇವೆ, ಒಳಗಿನ ಎರಡರಲ್ಲಿ ವೋಲ್ಟೇಜ್ ಓದುತ್ತೇವೆ. ಒಳಗಿನ ಪಿನ್‌ಗಳಲ್ಲಿ ಕರೆಂಟ್ ಹರಿಯೋದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅಲ್ಲಿ ತಡೆ ಎಷ್ಟೇ ಇರಲಿ, ವೋಲ್ಟೇಜ್ ಕಳೆದುಹೋಗಲ್ಲ.

ಇದನ್ನು ಮೊದಲ ಸಲ ನೋಡಿದಾಗ ನನಗೆ ಶಿರಾ ಹತ್ತಿರದ ನಮ್ಮ ಹೊಲ ನೆನಪಾಗಿತ್ತು. ಬೋರ್‌ವೆಲ್ ಪಾಯಿಂಟ್ ನೋಡಲು ಬಂದವರು ಹೀಗೇ ನಾಲ್ಕು ಕಬ್ಬಿಣದ ಸಲಾಕೆ ನೆಟ್ಟಿದ್ದರು. ಬುಡ ಒಣಗಿದೆ ಅಂತ ಅಪ್ಪನ ಕೈಲಿ ಕೊಡದಲ್ಲಿ ನೀರು ತರಿಸಿ ಹೊಯ್ದರು. ಆಗ ನಾನು ಎಂಟನೇ ಕ್ಲಾಸು. ನೀರು ಹುಡುಕೋಕೆ ಬಂದವರು ನೀರನ್ನೇ ಯಾಕೆ ಹೊಯ್ತಾರೆ ಅಂತ ಅರ್ಥವಾಗಿರಲಿಲ್ಲ. ಸಲಾಕೆಗೂ ಮಣ್ಣಿಗೂ ಗಟ್ಟಿ ಸಂಪರ್ಕ ಸಿಗಲಿ, ಒಳಗೆ ಸಾಕಷ್ಟು ಕರೆಂಟ್ ಹೋಗಲಿ ಅಂತ. 1915ರಲ್ಲಿ ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಫ್ರಾಂಕ್ ವೆನ್ನರ್ ಈ ಸಮ ಅಂತರದ ವಿಧಾನವನ್ನು ಬರೆದದ್ದು ಕೂಡ ನೆಲಕ್ಕಾಗಿಯೇ. 1954ರಲ್ಲಿ ವಾಲ್ಡೆಸ್ ಅನ್ನುವವರು ಇದನ್ನು ಟ್ರಾನ್ಸಿಸ್ಟರ್ ಮಾಡಲು ಬಳಸುವ ಜರ್ಮೇನಿಯಮ್‌ಗೆ ಹೊಂದಿಸಿದರು.

ಹೊಲಕ್ಕೂ ಗಾಜಿಗೂ ಒಂದು ವ್ಯತ್ಯಾಸ ಇದೆ. ನನಗೆ ತುಂಬಾ ಇಷ್ಟದ ಸಂಗತಿ ಇದು. ಹೊಲದಲ್ಲಿ ಸಲಾಕೆಗಳ ಅಂತರ ಹೆಚ್ಚಿಸುತ್ತಾ ಹೋದಂತೆ ಕರೆಂಟ್ ಇನ್ನೂ ಆಳಕ್ಕೆ ಇಳಿಯುತ್ತದೆ. ಮೇಲಿನ ಮಣ್ಣು, ಕೆಳಗಿನ ಬಂಡೆ, ಅದರಲ್ಲಿನ ಬಿರುಕು, ಒಂದೊಂದೇ ಲೆಕ್ಕಕ್ಕೆ ಬರುತ್ತವೆ. ತೆಳು ಪದರದಲ್ಲಿ ಇಳಿಯೋಕೆ ಆಳವೇ ಇಲ್ಲ. ಕರೆಂಟ್ ಅಕ್ಕಪಕ್ಕಕ್ಕೆ ಮಾತ್ರ ಹರಡುತ್ತದೆ. ಆಗ ಲೆಕ್ಕದಿಂದ ಪಿನ್‌ಗಳ ಅಂತರವೇ ಬಿದ್ದುಹೋಗುತ್ತದೆ! ಸಮ ಅಂತರ ಇದ್ದರೆ ಸಾಕು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 4.532ರಿಂದ ಗುಣಿಸಿದರೆ ಶೀಟ್ ರೆಸಿಸ್ಟೆನ್ಸ್, ಅಂದರೆ ಪದರದ ಒಂದು ಚೌಕದ ತಡೆ, ಸಿಕ್ಕಿತು.

ಅದರ ಅಳತೆ 'ಓಮ್ ಪರ್ ಸ್ಕ್ವೇರ್'. ಎಷ್ಟು ದೊಡ್ಡ ಚೌಕ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟಾದರೂ ಸರಿ. ಉದ್ದ ಎರಡರಷ್ಟಾದರೆ ತಡೆ ಎರಡರಷ್ಟು, ಅಗಲವೂ ಎರಡರಷ್ಟಾದರೆ ಮತ್ತೆ ಅರ್ಧ. ಇದನ್ನು ದಪ್ಪದಿಂದ ಗುಣಿಸಿದರೆ ರೆಸಿಸ್ಟಿವಿಟಿ, ಅಂದರೆ ಆಕಾರ ಏನೇ ಇರಲಿ ಆ ವಸ್ತುವಿನದೇ ಆದ ತಡೆಯ ಗುಣ. ನಮ್ಮ ಗಾಜಿನದು 0.00015 ಓಮ್ ಸೆಂಟಿಮೀಟರ್, ತಾಮ್ರದ ಸುಮಾರು 90 ಪಟ್ಟು.

ಈಗ ಆ 10.7ರ ವಿಷಯ. 10 ಸೆಂಟಿಮೀಟರಿನ ಇಡೀ ಗಾಜಿನ ನಡುವೆ 10 ಮಿಲಿಆಂಪಿಯರ್ ಕಳಿಸಿದಾಗ 21.8 ಮಿಲಿವೋಲ್ಟ್ ಬಂತು. ಕರೆಂಟ್ ದಿಕ್ಕು ತಿರುಗಿಸಿದಾಗ 22.4. ಬಿಸಿಯ ಏರುಪೇರಿನಿಂದ ಹುಟ್ಟುವ ಪುಟ್ಟ ವೋಲ್ಟೇಜ್ ಹೋಗಲಿ ಅಂತ ಹೀಗೆ ಎರಡೂ ಕಡೆ ಓದಿ ಸರಾಸರಿ ತೆಗೆಯುತ್ತೇವೆ. ಸರಾಸರಿ 22.1, ಅಂದರೆ 10 ಓಮ್. ಅದೇ ಗಾಜಿನಿಂದ 1 ಸೆಂಟಿಮೀಟರಿನ ಚೌಕ ಕತ್ತರಿಸಿ ಅಳೆದೆ. ಸರಾಸರಿ 23.7 ಮಿಲಿವೋಲ್ಟ್, 10.7 ಓಮ್. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದೆ. ಬೇರೆ ತುಂಡು ಕತ್ತರಿಸಿದೆ. ಪಿನ್ ಹೆಡ್ ಕೂಡ ಬದಲಿಸಿದೆ. ಅದೇ 10.7. ಕತ್ತರಿಸಿದ ಮಾತ್ರಕ್ಕೆ ಪದರದ ಗುಣ ಬದಲಾಗುತ್ತಾ?

ಎರಡನೇ ದಿನ ಸಂಜೆ ಹೊಳೆಯಿತು. 4.532 ಅನ್ನೋದು ಅಂಚೇ ಇಲ್ಲದ ಪದರಕ್ಕೆ. ನನ್ನ ತುಂಡಿನಲ್ಲಿ ಪಿನ್ ಸಾಲಿನ ತುದಿಯಿಂದ ಅಂಚಿಗೆ ಬರೀ ಮೂರೂವರೆ ಮಿಲಿಮೀಟರ್. ಹರಡೋಕೆ ಜಾಗ ಸಾಲದೆ ಕರೆಂಟ್ ಒತ್ತರಿಸಿಕೊಂಡು ಹೋಗುತ್ತದೆ, ವೋಲ್ಟೇಜ್ ಏರುತ್ತದೆ. 1958ರಲ್ಲೇ ಸ್ಮಿಟ್ಸ್ ಇದಕ್ಕೆ ಕೋಷ್ಟಕ ಮಾಡಿಟ್ಟಿದ್ದಾರೆ. ಚೌಕದ ಬದಿ ಪಿನ್ ಅಂತರದ ಹತ್ತು ಪಟ್ಟಿದ್ದರೆ ಗುಣಿಸಬೇಕಾದದ್ದು 4.22ರಿಂದ. ಗುಣಿಸಿದೆ. 10.0!

ಆ ಸಂತೋಷಕ್ಕೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ಹಂಗಾದ್ರೆ ನಮ್ಮ ಹೊಲದಾಗೂ ಬಾವಿ ಪಕ್ಕ ಸಲಾಕೆ ನೆಟ್ಟಿದ್ರೆ ಲೆಕ್ಕ ತಪ್ತಿತ್ತೇನವ್ವಾ?" ತಪ್ಪುತ್ತಿತ್ತು ಅಪ್ಪ. ನಾನು ಎರಡು ದಿನ ತಿಣುಕಿದ್ದು ನಿನಗೆ ಎರಡು ನಿಮಿಷದಲ್ಲಿ ಹೊಳೆಯಿತು.