ರೆಕ್ಕೆಯಡಿಯ ಚುಕ್ಕೆ

ಕೆಮ್ಮಣ್ಣುಗುಂಡಿಗೆ ಹೋದವರೆಲ್ಲ ಝಡ್ ಪಾಯಿಂಟಿನ ನೋಟವನ್ನೂ ಹೆಬ್ಬೆ ಜಲಪಾತವನ್ನೂ ಹೊಗಳುತ್ತಾರೆ. ಅವೆರಡನ್ನೂ ನಾವು ನೋಡಿದೆವು, ಚೆನ್ನಾಗಿಯೇ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು, ದಾರಿ ಬದಿಯ ಹುಲ್ಲಿನಲ್ಲಿ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದ, ಹೆಬ್ಬೆರಳಿನ ಉಗುರಿಗಿಂತ ತುಸುವೇ ದೊಡ್ಡದಾದ ಒಂದು ತಿಳಿನೀಲಿ ಚಿಟ್ಟೆ.

ನಾನು ಅದನ್ನು ಕಾಮನ್ ಸೆರೂಲಿಯನ್ ಇರಬಹುದೇ ಎಂದು ಕೇಳಿದಾಗ, ನಮಗೆ ದಾರಿ ತೋರಿಸುತ್ತಿದ್ದ ಯುವಕ, "ಬಣ್ಣ ಆಮೇಲೆ ನೋಡೋಣ ಸಾರ್, ಮೊದಲು ಬಾಲ ಇದೆಯಾ ಹೇಳಿ" ಎಂದ. ಸೆರೂಲಿಯನ್ನಿಗೆ ಹಿಂರೆಕ್ಕೆಯ ತುದಿಯಲ್ಲಿ ಕೂದಲಿನಷ್ಟು ತೆಳುವಾದ ಬಾಲವೂ, ಅದರ ಪಕ್ಕದಲ್ಲಿ ಕಿತ್ತಳೆ ಅಂಚಿನ ಕಪ್ಪು ಚುಕ್ಕೆಯೂ ಇರುತ್ತವೆ. ಇದಕ್ಕೆ ಎರಡೂ ಇರಲಿಲ್ಲ. ಹಾಗಾದರೆ ಇದು ಹುಲ್ಲಿನಲ್ಲಿ ಬಾಳುವ ಗ್ರಾಸ್ ಬ್ಲೂಗಳ ಪೈಕಿ ಒಂದು ಎಂದು ಆತ ನಿರ್ಧರಿಸಿದ.

ಮೋಡ ಕವಿದೊಡನೆ ಚಿಟ್ಟೆ ರೆಕ್ಕೆ ಮಡಚಿತು. ಬೂದುಗಂದು ಬಣ್ಣದ ಕೆಳಮೈಯಲ್ಲಿ ಬಿಳಿ ಉಂಗುರ ತೊಟ್ಟ ಕಪ್ಪು ಚುಕ್ಕೆಗಳು ಸಾಲಾಗಿ ಕಂಡವು. ಮುಂರೆಕ್ಕೆಯ ನಡುಕೋಶದೊಳಗೆ, ಅಂದರೆ ರೆಕ್ಕೆಯ ಬುಡದ ಕಡೆ ನರಗಳು ಸುತ್ತುವರಿದ ಜಾಗದಲ್ಲಿ, ಉಳಿದವುಗಳಿಂದ ದೂರವಾಗಿ, ಒಂದು ಒಂಟಿ ಚುಕ್ಕೆ ಇತ್ತು. ಲೆಸ್ಸರ್ ಗ್ರಾಸ್ ಬ್ಲೂ ಮತ್ತು ಟೈನಿ ಗ್ರಾಸ್ ಬ್ಲೂಗಳಲ್ಲಿ ಆ ಚುಕ್ಕೆ ಇರುವುದಿಲ್ಲ. ಉಳಿದದ್ದು ಪೇಲ್ ಗ್ರಾಸ್ ಬ್ಲೂ ಮತ್ತು ಡಾರ್ಕ್ ಗ್ರಾಸ್ ಬ್ಲೂ ಎರಡೇ. ಡಾರ್ಕ್ ಗ್ರಾಸ್ ಬ್ಲೂ ಗಂಡಿನ ಮೇಲ್ಮೈ ದಟ್ಟ ನೇರಳೆ ನೀಲಿ. ನಾವು ಕಂಡದ್ದು ಬೆಳ್ಳಿ ಬೆರೆತ ತಿಳಿನೀಲಿ, ಹಾಗಾಗಿ ಅದು ಪೇಲ್. ಎಲ್ಲರೂ ಮೊದಲು ನೋಡುವ ಬಣ್ಣವನ್ನು ಆತ ಕಟ್ಟಕಡೆಗೆ ಕೇಳಿದ್ದು ನನಗೆ ಬಹಳ ಹಿಡಿಸಿತು. ಈ ನೀಲಿ ಹುಟ್ಟುವುದೇ ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಯಿಂದಾದ್ದರಿಂದ, ನೋಡುವ ಕೋನ ಬದಲಾದರೆ ಅದೂ ಬದಲಾಗುತ್ತದೆ, ಹಾರುವಾಗಲಂತೂ ನಂಬಲೇಬಾರದು.

ಅಷ್ಟರಲ್ಲಿ ಯಾರೋ ಪ್ರವಾಸಿಗರು ಮೊಬೈಲ್ ಹಿಡಿದು ನಮ್ಮ ನಡುವೆ ನುಗ್ಗಿದರು. ಅವರ ನೆರಳು ಬಿದ್ದದ್ದೇ ತಡ, ಚಿಟ್ಟೆ ಹಾರಿತು. ಆ ಸಿಟ್ಟು ಇನ್ನೂ ಆರಿಲ್ಲವಾದ್ದರಿಂದ ಹೇಳುತ್ತೇನೆ: ಚಿಟ್ಟೆಯ ಬಳಿ ಹೋಗುವವರು ತಮ್ಮ ನೆರಳು ಅದರ ಮೇಲೆ ಬೀಳದಂತೆ, ಬಗ್ಗಿ, ನಿಧಾನವಾಗಿ ಹೋಗಬೇಕು. ಬಿಸಿಲೇರುವ ಮುನ್ನ ಹೋದರೆ ಇನ್ನೂ ಒಳ್ಳೆಯದು. ಮೈ ಕಾಯುವವರೆಗೆ ಅವು ಅಷ್ಟು ಸುಲಭವಾಗಿ ಏಳುವುದಿಲ್ಲ.

ಮುಂದೆ ಪುಲ್ಲಂಪುರಚಿಯ ಹಳದಿ ಹೂಗಳ ನಡುವೆ ಒಂದು ಕಂದು ಚಿಟ್ಟೆ ಹೊಟ್ಟೆ ಬಾಗಿಸಿ ಎಲೆಗೆ ಮೊಟ್ಟೆ ಅಂಟಿಸುತ್ತಿತ್ತು. ಪೇಲ್ ಗ್ರಾಸ್ ಬ್ಲೂವಿನ ಮರಿಗಳಿಗೆ ಅದೇ ಆಹಾರ. ಹೆಣ್ಣಿಗೆ ನೀಲಿ ಹೆಚ್ಚಿಲ್ಲದಿರುವಾಗ ಪೇಲ್, ಡಾರ್ಕ್ ಎಂದು ಹೇಗೆ ಹೇಳುವುದು ಎಂದು ಕೇಳಿದೆ.

"ಅದಕ್ಕೆ ಫೋಟೊ ತೆಗೆದು, ನನಗಿಂತ ಗೊತ್ತಿರೋರಿಗೆ ಕಳಿಸ್ತೀನಿ ಸಾರ್" ಎಂದ.