ಮರದ ತೂಕವೂ ಸಂಡಿಗೆ ಡಬ್ಬಿಯೂ

ಮರದಲ್ಲಿ ಎಷ್ಟು ಕಾರ್ಬನ್ ಇದೆ ಎಂಬ ನನ್ನ ಲೆಕ್ಕ ಕೆಡಿಸುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅದೂ ನಮ್ಮ ಅಡುಗೆಮನೆಯಲ್ಲೇ.

ಫಿನ್‌ಲ್ಯಾಂಡಿನ ಔಲು ಹತ್ತಿರ, ಸಹೋದ್ಯೋಗಿಯೊಬ್ಬರ ಬೇಸಿಗೆ ಮನೆಯ ಹಿಂದಿನ ಕಾಡು. ಅವರನ್ನು ಕೇಳಿಯೇ ಮರ ಕೊರೆದಿದ್ದು. ಇಲ್ಲಿ ಯಾರ ಕಾಡಿಗೆ ಹೋಗಿ ಬೇಕಾದರೂ ಬೆರ್ರಿ ಕೀಳಬಹುದು, ಮರಕ್ಕೆ ತೂತು ಹಾಕುವ ಹಾಗಿಲ್ಲ. ಒಟ್ಟು 14 ಪೈನ್. ವ್ಯಾಸ, ಎತ್ತರ ಎಲ್ಲ ಮಾಮೂಲಿ, ಬಿಡಿ. ಬೋರರ್ (ಮರ ಕೊರೆಯುವ ಟೊಳ್ಳು ಸಲಕರಣೆ) ಮಾರಿದ ಪುಣ್ಯಾತ್ಮ ಮಾತ್ರ ಕೋರ್, ಅಂದರೆ ಕೊರೆದಾಗ ಸಿಗುವ ಮರದ ಕಡ್ಡಿ, ಎಳೆಯುವ ಪಟ್ಟಿಯನ್ನೇ ಕಳಿಸಿರಲಿಲ್ಲ. ಕೇಳಿದರೆ ‘ಅದು ಬೇರೆ ಆರ್ಡರ್’ ಅಂತೆ. ಒರಳು ಕೊಟ್ಟು ಗುಂಡುಕಲ್ಲಿಗೆ ಬೇರೆ ದುಡ್ಡು ಕೇಳಿದ ಹಾಗೆ.

5.15 ಮಿ.ಮೀ. ದಪ್ಪ, 10 ಸೆಂ.ಮೀ. ಉದ್ದದ ಕೋರ್ ಅಂದರೆ ಗಾತ್ರ 2.08 ಘನ ಸೆಂ.ಮೀ. ಗಾತ್ರ ಹಸಿ ಇದ್ದಾಗಲೇ ಅಳೆದಿದ್ದೆ. ಒಣಗಿಸಿ ಅಳೆಯುವ ತಪ್ಪನ್ನು ಹೋದ ವರ್ಷವೇ ಮಾಡಿ ಮುಗಿಸಿದ್ದೇನೆ. ಆಮೇಲೆ 105 ಡಿಗ್ರಿ ಓವನ್, ರಾತ್ರಿಯಿಡೀ.

ಮರಗಳಿಗೆ ಕೆರೆ ದಂಡೆಯಿಂದ ಜೌಗಿನ ಕಡೆಗೆ ನಂಬರ್ ಹಾಕಿದ್ದೆ. ತೂಗಿದ್ದೂ ಅದೇ ಸಾಲಿನಲ್ಲಿ. ಅಲ್ಲೊಂದು ಇಲ್ಲೊಂದು ಏರುಪೇರು ಬಿಟ್ಟರೆ, ಜೌಗಿನ ಕಡೆ ಹೋದಂತೆ ಸಾಂದ್ರತೆ ಜಾಸ್ತಿ. ನನಗೋ ಖುಷಿ! ಜೌಗಿನಲ್ಲಿ ಪೈನ್ ನಿಧಾನ ಬೆಳೆಯುತ್ತೆ, ಉಂಗುರ ಕಿರಿದು, ಮರ ಗಟ್ಟಿ. ಎರಡು ಪುಟ ಬರೆದೂ ಬಿಟ್ಟೆ.

ಮೊನ್ನೆ ಇನ್ನೊಮ್ಮೆ ಒಣಗಿಸಿ, ಟ್ರೇ ಹಿಂದುಮುಂದಾಗಿ ಇಟ್ಟುಕೊಂಡು 14ರಿಂದ ಶುರು ಮಾಡಿದೆ. 0.83 ಗ್ರಾಂ ಇದ್ದ 1ನೇ ಕೋರ್ ಈಗ 0.86! ಗಟ್ಟಿಯಾಗಿದ್ದು ಮರ ಅಲ್ಲ. ಸರದಿ ಕಾದಿದ್ದೇ ಅದರ ತಪ್ಪು. ಬಿಸಿ ಒಂದನ್ನು ತಕ್ಕಡಿ ಮೇಲೆ ಇಟ್ಟು ಸುಮ್ನೆ ನೋಡುತ್ತಾ ನಿಂತೆ. 0.83. ಸ್ವಲ್ಪ ಹೊತ್ತಿಗೆ 0.84. ಪಕ್ಕದಲ್ಲಿ ಸಾರು ಕುದಿಯುತ್ತಿತ್ತು. ಹೊರಗಿಟ್ಟ ಹಪ್ಪಳ ತೇವ ಹೀರಿ ಮೆತ್ತಗಾಗುವುದು ಗೊತ್ತು, ಒಣಗಿದ ಮರವೂ ಅಷ್ಟೇ ಅಲ್ವಾ?

0.03 ಗ್ರಾಂ ಏನು ಮಹಾ ಅನ್ನಬೇಡಿ. 20 ಸೆಂ.ಮೀ. ದಪ್ಪ, 15 ಮೀಟರ್ ಎತ್ತರದ ಪೈನ್‌ನ ಕಾಂಡ ಸುಮಾರು 0.23 ಘನ ಮೀಟರ್. ಘನ ಮೀಟರಿಗೆ 400 ಕೆಜಿ ಹಿಡಿದರೆ ಒಣ ತೂಕ 92 ಕೆಜಿ, ಅದರಲ್ಲಿ ಅರ್ಧ ಕಾರ್ಬನ್. 0.83ಕ್ಕೆ 0.03 ಜಾಸ್ತಿ ಆದ ಅದೇ ಅನುಪಾತದಲ್ಲಿ, ಕೊನೆಗೆ ತೂಗಿದ ಮರದ ಲೆಕ್ಕಕ್ಕೆ ಸುಮಾರು ಒಂದೂವರೆ ಕೆಜಿ ಕಾರ್ಬನ್ ನಮ್ಮ ಸಾರಿನ ಹಬೆಯಿಂದಲೇ ಬಂದಿತ್ತು.

ಅಂದಹಾಗೆ, ಮುಂದಿನ ಗುರಿ ಅದೇ ಜೌಗಿನ ಪೀಟ್, ಅಂದರೆ ಅರೆಕೊಳೆತ ಗಿಡಗಳ ಮಣ್ಣು. ಈ ಉತ್ತರದ ಕಾಡುಗಳಲ್ಲಿ ಮರಕ್ಕಿಂತ ಮಣ್ಣಿನಲ್ಲೇ ಕಾರ್ಬನ್ ಜಾಸ್ತಿ. ಕಬ್ಬಿಣದ ಸರಳು ಚುಚ್ಚಿ ನೋಡಿದೆ, ಒಂದೂವರೆ ಮೀಟರ್ ಇಳಿದರೂ ತಳ ಸಿಗಲಿಲ್ಲ. ಅದರ ಕಾರ್ಬನ್ ಲೆಕ್ಕಕ್ಕೆ ಪೀಟ್ ಸುಡಲು 550 ಡಿಗ್ರಿ ಬೇಕು, ನಮ್ಮ ಓವನ್ 250ಕ್ಕೆ ಕೈ ಎತ್ತುತ್ತೆ. ಮಡಕೆ ಸುಡುವ ಗೂಡು ಇರುವ ಯಾರಾದರೂ ಪರಿಚಯದಲ್ಲಿದ್ದರೆ ಹೇಳಿ.

ಸದ್ಯಕ್ಕೆ ಬಿಸಿ ಕೋರ್‌ಗಳು ಓವನ್ನಿನಿಂದ ನೇರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ, ಜೊತೆಗೆ ಶೂ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ. ಆರಿದ ಮೇಲೆ ಒಂದೊಂದೇ ತೆಗೆದು ತೂಗುವುದು. ಯಾವ ಸಾಲಿನಲ್ಲಿ ತೂಗಿದರೂ 1ನೇದು 0.83. ಆ ಡಬ್ಬಿ ಅಮ್ಮ ಕಳಿಸಿದ ಸಂಡಿಗೆಯದು. ಸಂಡಿಗೆ ಈಗ ಪ್ಲಾಸ್ಟಿಕ್ ಕವರಿನಲ್ಲಿ ಮೆತ್ತಗಾಗುತ್ತಿದೆ. ಮನೆಯಾಕೆಗೆ ಇನ್ನೂ ಗೊತ್ತಾಗಿಲ್ಲ.