ಬ್ರೌನ್ ಶೀಟಿನೊಳಗಿನ ಡೈರಿ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. "ಅಮ್ಮಾ, ಅದು ಕತೆ. ಆದ್ರೆ ನೀನು ನನ್ನ ಡೈರಿ ಅಂದ್ಕೊಂಡೇ ಓದಿದೆ, ಅಲ್ವಾ?"

ಸ್ಕೂಲು ಶುರುವಾಗಿ ಒಂದು ವಾರವಾಗಿತ್ತು ಅಷ್ಟೇ. ಕುವೆಂಪುನಗರದ ನಮ್ಮ ಮನೆಯ ಹಾಲ್ ತುಂಬ ಬ್ರೌನ್ ಶೀಟು, ಲೇಬಲ್ಲು, ಟೇಪು. ನಾನು ಪುಸ್ತಕಗಳಿಗೆ ಬೈಂಡ್ ಹಾಕುತ್ತಾ ಕೂತಿದ್ದೆ. ಮಗಳು ಸೈಕಲ್ ಹೊಡೆಯಲು ಹೋಗಿದ್ದಳು. ರಾಶಿಯ ತಳದಲ್ಲಿ ಆಗಲೇ ಬೈಂಡ್ ಹಾಕಿದ್ದ ಒಂದು ಪುಸ್ತಕ ಸಿಕ್ಕಿತು. ಲೇಬಲ್ ಮೇಲೆ ಅವಳದೇ ಹೆಸರು. ವಿಷಯ ಬರೆಯುವ ಜಾಗ ಮಾತ್ರ ಖಾಲಿ. ತೆರೆದರೆ ಗೆರೆ ಎಳೆದ ಹಾಳೆ, ಕೈಬರಹದ ಇಂಗ್ಲಿಷು, ಅಂಚಿನಲ್ಲಿ ಒಂದು ಬೆಕ್ಕು, ನಡುವೆ ಗೀಚಿ ಹೊಡೆದುಹಾಕಿದ ಒಂದು ಸಾಲು.

ಆಗಲೇ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಹನ್ನೆರಡು ತುಂಬಲು ಮೂರು ತಿಂಗಳಿದೆ ಎಂದು ಮೊದಲ ಸಾಲಿನಲ್ಲೇ ಇತ್ತು. ನನ್ನ ಮಗಳಿಗೂ ಅಷ್ಟೇ, ಸೆಪ್ಟೆಂಬರಿಗೆ ಹನ್ನೆರಡು. ಮುಂದೆ ಓದಿದೆ. ಗೆಳತಿ ಬೇರೆ ಬೆಂಚಿಗೆ ಹೋಗಿ ಕೂತಿದ್ದಾಳೆ. ಕ್ಲಾಸಿನ ಹುಡುಗಿಯರಿಗೆಲ್ಲ ಏನೋ ಗೊತ್ತಿದೆ, ತನಗೊಬ್ಬಳಿಗೇ ಗೊತ್ತಿಲ್ಲ. ಕನ್ನಡಿ ಮುಂದೆ ನಿಂತರೆ ಒಂದು ದಿನ ನಗು, ಒಂದು ದಿನ ಅಳು. ಅಮ್ಮನಿಗೆ ಮಾತ್ರ ಏನೂ ಹೇಳಬಾರದು, ಹೇಳಿದರೆ ತಕ್ಷಣ ಅವಳ ಅಕ್ಕನಿಗೆ ಫೋನ್ ಮಾಡುತ್ತಾಳೆ.

ಮೂರು ಪುಟ ಮುಗಿಯುವಷ್ಟರಲ್ಲಿ ನನ್ನ ಕೈ ತಣ್ಣಗಾಗಿತ್ತು. ಏನು ಮಾಡಿದೆ ಗೊತ್ತಾ? ಮಂಡ್ಯದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಅಯ್ಯೋ ಬುಡು, ಅಳ್ಬ್ಯಾಡ ಕಣೆ. ಆ ವಯಸ್ನಲ್ಲಿ ನೀನೇನ್ ಕಮ್ಮಿ ಇದ್ಯಾ?" ಅಂದಳು. ನಮ್ಮಕ್ಕ ಹಾಗೇ. ಸಮಾಧಾನ ಹೇಳುವಾಗಲೂ ಒಂದು ಸೂಜಿ ಚುಚ್ಚದೆ ಬಿಡುವವಳಲ್ಲ.

ಅಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನ ತೊಡೆಯ ಮೇಲೆ ಪುಸ್ತಕ, ಕಿವಿಯಲ್ಲಿ ಫೋನು, ಕಣ್ಣಲ್ಲಿ ನೀರು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು. "ಅಮ್ಮಾ, ಇದು ಕಾದಂಬರಿ! ಮುಂದಿನ ಪೇಜಲ್ಲಿ ಹಿಮ ಬೀಳುತ್ತೆ ನೋಡು. ಮೈಸೂರಲ್ಲಿ ಹಿಮ ಬೀಳುತ್ತಾ?"

ಗೆಳತಿಯದಂತೆ. ಕೊಳೆ ಮಾಡಬಾರದು ಅಂತ ಷರತ್ತು ಹಾಕಿ ಕೊಟ್ಟಿದ್ದಳಂತೆ, ಅದಕ್ಕೇ ಬೈಂಡು. ಲೇಬಲ್ಲು ಕೈ ಅಭ್ಯಾಸಕ್ಕೆ ಅಂಟಿದ್ದು. ಅಕ್ಷರ ಕೈಬರಹದ ಥರ ಕಂಡರೂ ಅಚ್ಚಾದದ್ದೇ. ನಾನೂ ನಕ್ಕೆ. ನಮ್ಮ ಯಜಮಾನರು ಪೇಪರಿನ ಹಿಂದೆ ನಕ್ಕರು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

ಮೊದಲು ನಗು ನಿಲ್ಲಿಸಿದವಳು ಮಗಳು. ಆಗಲೇ ಆ ಮಾತು ಕೇಳಿದ್ದು. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ನೋಡುವವರ ಹಾಗೆ ಕೇಳಿದಳು. "ಹೂಂ" ಅಂದೆ. ಬೇರೆ ಏನು ಹೇಳಲಿ?

ಅವತ್ತು ರಾತ್ರಿ ಅವಳನ್ನು ಕೇಳಿಯೇ ಪೂರ್ತಿ ಪುಸ್ತಕ ಓದಿದೆ. ಕೆಲವು ಕಡೆ ಬರೆದವರು ದೊಡ್ಡವರು ಅಂತ ಗೊತ್ತಾಗಿಬಿಡುತ್ತದೆ. ಹನ್ನೊಂದರ ಹುಡುಗಿ ಅಷ್ಟು ಜೋಡಿಸಿಕೊಂಡು ಬೈಯುವುದಿಲ್ಲ, ನಮ್ಮ ಮನೆಯಲ್ಲಂತೂ ಬಾಗಿಲು ಮಾತ್ರ ಢಬ್ ಅನ್ನುತ್ತದೆ. ಆದರೂ ಬಿಡಲಾಗಲಿಲ್ಲ. ಡೈರಿಯ ರೂಪದ ಕಾದಂಬರಿಗೆ ಆ ರುಚಿ ಇದೆ. ಕದ್ದು ಓದಿದ ಸುಖ ಸಿಗುತ್ತದೆ, ಪಾಪ ಮಾತ್ರ ತಟ್ಟುವುದಿಲ್ಲ. ನನಗೆ ಎರಡೂ ಒಟ್ಟಿಗೆ ಸಿಕ್ಕಿತ್ತು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಸಿಗದಂತೆ ಮನೆಯವರ ಜೊತೆ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ನೆನಪಾದಳು. ಅವಳದು ಕಾದಂಬರಿಯಲ್ಲ, ನಿಜದ ಡೈರಿ. 1942ರ ಜೂನ್ 12ರಂದು, ಹದಿಮೂರು ತುಂಬಿದ ದಿನ, ಉಡುಗೊರೆಯಾಗಿ ಬಂದದ್ದು. ಅದೇ ವರ್ಷ ಅವಳು ಎರಡು ಪುಟಗಳ ಮೇಲೆ ಬ್ರೌನ್ ಪೇಪರ್ ಅಂಟಿಸಿ ಮುಚ್ಚಿದ್ದಳು. ಹೌದು, ಬ್ರೌನ್ ಪೇಪರೇ. 2018ರಲ್ಲಿ ಸಂಶೋಧಕರು ಹಿಂದಿನಿಂದ ಬೆಳಕು ಬಿಟ್ಟು ಫೋಟೋ ತೆಗೆದು ಅದನ್ನೂ ಓದಿಬಿಟ್ಟರು. ಇದ್ದದ್ದು ನಾಲ್ಕೈದು ಪೋಲಿ ಜೋಕು, ಮುಟ್ಟಿನ ವಿಷಯ, ಗಂಡು ಹೆಣ್ಣಿನ ವಿಷಯ. ಆ ವಯಸ್ಸಿನವರು ಪಿಸುಗುಟ್ಟಿಕೊಳ್ಳುವುದೇ. ಸುದ್ದಿ ಓದಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ಈಗ ಆ ಗೋಂದಿನ ಅಂಚೇ ಕಣ್ಣಿಗೆ ಬರುತ್ತದೆ. ಅಡಗಿದ್ದ ಎಂಟು ಜನರಲ್ಲಿ ಬದುಕಿ ಬಂದವನು ಅವಳ ಅಪ್ಪ ಒಬ್ಬನೇ. ಮಗಳ ಜೊತೆ ಅಷ್ಟು ಹತ್ತಿರವಿದ್ದೂ ಅವಳೊಳಗೆ ಇಷ್ಟಿತ್ತು ಅಂತ ತನಗೆ ಗೊತ್ತಿರಲಿಲ್ಲ, ಡೈರಿ ಓದಿದ ಮೇಲೇ ತಿಳಿದದ್ದು ಅಂತ ಆತ ಮುಂದೆ ಹೇಳಿಕೊಂಡಿದ್ದಾನೆ. 1947ರಲ್ಲಿ ಪುಸ್ತಕ ಅಚ್ಚಾದಾಗ ಹೆಂಡತಿಯನ್ನು ಮಗಳು ಬೈದಿದ್ದ ಕೆಲವು ಭಾಗ ಬಿಟ್ಟಿದ್ದ. ಪಾಪ, ಆ ತಾಯಿ ಅಷ್ಟರಲ್ಲಿ ಬದುಕಿರಲಿಲ್ಲ.

ನಾನೂ ಡೈರಿ ಬರೆದವಳೇ. ಬ್ಯಾಂಕಿನವರು ಅಪ್ಪನಿಗೆ ಕೊಟ್ಟಿದ್ದನ್ನು ಅಪ್ಪ ನನಗೆ ಕೊಟ್ಟಿದ್ದರು. ವಾರಕ್ಕೊಮ್ಮೆ ತೆಗೆದು ಕಾಗುಣಿತ ತಿದ್ದುತ್ತಿದ್ದರು. ಅದರಲ್ಲಿ ಏನು ಬರೆಯುವುದು ಹೇಳಿ? ನಾನು ದೊಡ್ಡವಳಾದಾಗ ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ಸೋದರಮಾವ ಬಂದು ತೆಂಗಿನ ಗರಿಯ ಗುಡ್ಲು ಹಾಕಿದರು. ಆರತಿ ಆಯಿತು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಬೀದಿಗೆಲ್ಲ ಗೊತ್ತಾಯಿತು. ಏನಾಗಿದೆ ಅಂತ ನನಗೆ ಮಾತ್ರ ಯಾರೂ ಹೇಳಲಿಲ್ಲ. ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: "ಈ ದಿನ ಮಾವ ಬಂದರು." ಕಾಗುಣಿತ ಸರಿ ಇತ್ತು.

ಮಗಳ ಕ್ಲಾಸಿನ ಒಬ್ಬ ತಾಯಿ ದಿನಾ ರಾತ್ರಿ ಮಗಳ ಫೋನ್ ತೆಗೆದು ನೋಡುತ್ತಾರೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಅಂಥವಳಲ್ಲ ಅಂದುಕೊಂಡಿದ್ದೆ. ಆಯಮ್ಮ ನನ್ನ ಹಾಗೆ ನಾಟಕವನ್ನಾದರೂ ಮಾಡುವುದಿಲ್ಲ.

ನಿನ್ನೆ ಸಂಜೆ ಒಗ್ಗರಣೆ ಹಾಕುತ್ತಿದ್ದೆ. ಮಗಳು ಬಂದು, "ಬ್ರೌನ್ ಶೀಟ್ ಮಿಕ್ಕಿದೆಯಾಮ್ಮಾ?" ಅಂದಳು.

"ಯಾಕೆ?"

"ಸುಮ್ನೆ."

ಬೀರುವಿನ ಮೇಲಿದೆ ಅಂದೆ. ರೂಮಿನ ಬಾಗಿಲು ಹಾಕಿಕೊಂಡಳು. ರಾತ್ರಿ ಕಸ ಗುಡಿಸುವಾಗ ಕತ್ತರಿಸಿ ಉಳಿದ ತುಂಡು ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಅಳತೆ ನೋಡಿದೆ. ಪಠ್ಯಪುಸ್ತಕದ್ದಲ್ಲ. ಚಿಕ್ಕದು, ದಿಂಬಿನ ಕೆಳಗೆ ಹಿಡಿಸುವಷ್ಟು.